ಕಾರವಾರ, ಅಂಕೋಲೆಯ ಕಾಲೇಜು ಫುಟ್‌ಬಾಲ್

ಕಾರವಾರದ ಹುಡುಗರಿಗೆ ಫುಟ್‌ಬಾಲ್ ಹುಚ್ಚು ಹತ್ತುವುದು ಗೋವಾದ ಕಡೆಯಿಂದ. ಕಾಲೇಜು ಸೇರಿದ ಮೇಲೆ ಅವರು ಸೆಣಸಬೇಕಾದದ್ದು ಘಟ್ಟದ ಮೇಲಿನ ತಂಡಗಳೊಂದಿಗೆ. ಕಾರವಾರದಿಂದ ಮಡಗಾಂವ್ ಸುಮಾರು 70 ಕಿ.ಮೀ., ಧಾರವಾಡ ಅದರ ಎರಡು ಪಟ್ಟಿಗೂ ಹೆಚ್ಚು. ಆದರೂ ಇಲ್ಲಿನ ಕಾಲೇಜು ತಂಡಗಳ ಹಣೆಬರಹ ನಿರ್ಧಾರವಾಗುತ್ತ ಬಂದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗಡಿಗಳಿಂದಲೇ.

ಗೋವಾದಲ್ಲಿ ಈ ಆಟ ಬೇರೂರಿದ್ದು 1883ರಲ್ಲಿ ಎನ್ನುತ್ತಾರೆ. ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿ ಸಿಯೋಲಿಂ ಎಂಬಲ್ಲಿ ಶಾಲಾ ಮಕ್ಕಳಿಗೆ ಅದನ್ನು ಕಲಿಸಿದರು. ಕಾರವಾರ ಆ ಹೊತ್ತಿಗೆ ಮುಂಬಯಿ ಪ್ರಾಂತದ ಭಾಗ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತವನ್ನು ಬಿಟ್ಟು ಮುಂಬಯಿಗೆ ಸೇರಿತ್ತು. ಮುಂಬಯಿಯ ಹೆಸರಾಂತ ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ಹೀಗೆ ಒಂದು ಬದಿಗೆ ಗೋವಾ, ಇನ್ನೊಂದು ಬದಿಗೆ ಮುಂಬಯಿ, ಎರಡೂ ಫುಟ್‌ಬಾಲ್ ಆಡುವ ಊರುಗಳೇ. ಕೊಂಕಣಿ ಮಾತು, ಚರ್ಚು, ನೆಂಟಸ್ತನ ಇವೆಲ್ಲ ಮಾಜಾಳಿಯ ಬಳಿಯ ಗೋವಾ ಗಡಿಯ ಎರಡೂ ಕಡೆ ಹಬ್ಬಿದ್ದರಿಂದ ಆಟ ದಾಟಿ ಬರಲು ಕಷ್ಟವಾಗಲಿಲ್ಲ. 1955ರ ಗೋವಾ ಸತ್ಯಾಗ್ರಹದ ತರುವಾಯ ಗಡಿ ಮುಚ್ಚಿತು. 1961ರ ಡಿಸೆಂಬರ್ 19ರಂದು ಪೋರ್ಚುಗೀಸರು ಶರಣಾದ ಮೇಲಷ್ಟೇ ಓಡಾಟ ಮೊದಲಿನಂತಾಯಿತು.

ಅಂಕೋಲೆ ಕಾರವಾರದಿಂದ ದಕ್ಷಿಣಕ್ಕೆ 35 ಕಿ.ಮೀ. ಒಳಗೇ ಇದ್ದರೂ ಅಲ್ಲಿಯ ಗಾಳಿ ಬೇರೆ. ಕಬಡ್ಡಿ, ವಾಲಿಬಾಲ್ ಅಲ್ಲಿ ಮುಂದು, ಫುಟ್‌ಬಾಲ್ ಹಿಂದು.

ಸ್ವಾತಂತ್ರ್ಯಕ್ಕೆ ಮುಂಚೆ ಜಿಲ್ಲೆಯ ಹುಡುಗರು ಪದವಿ ಓದಲು 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿಗೋ ಮುಂಬಯಿಗೋ ಹೋಗುತ್ತಿದ್ದರು. ಆಮೇಲೆ ಕುಮಟಾದಲ್ಲಿ ಕೆನರಾ ಕಾಲೇಜು, ಕಾರವಾರದಲ್ಲಿ ಸರಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು, ದಿವೇಕರ ವಾಣಿಜ್ಯ ಕಾಲೇಜು ಬಂದವು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು 1966ರದು. ಅದನ್ನು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಸ್ಥಾಪಕ ದಿನಕರ ದೇಸಾಯಿ ಗೋಪಾಲಕೃಷ್ಣ ಗೋಖಲೆಯವರ ಭಾರತ ಸೇವಕ ಸಮಾಜದ ಸದಸ್ಯರು. ಗೋಖಲೆ ಹುಟ್ಟಿದ್ದು 1866ರಲ್ಲಿ, ಕಾಲೇಜಿನ ಹೆಸರು ಆ ಶತಮಾನೋತ್ಸವದ ನೆನಪಿಗೆ. ಚುಟುಕ ಬರೆದು ಹೆಸರಾದ ದೇಸಾಯಿ ಶಾಲೆ, ಕಾಲೇಜು ಕಟ್ಟಿದ್ದು ಓದು ಮುಟ್ಟದ ರೈತರ, ಕೂಲಿಕಾರರ ಮಕ್ಕಳಿಗಾಗಿ. ಹಾಗಾಗಿ ಬೂಟು ಕೊಳ್ಳಲಾಗದ ಹುಡುಗನೂ ಕಾಲೇಜು ಮೈದಾನಕ್ಕೆ ಇಳಿಯುವಂತಾಯಿತು. ಬರಿಗಾಲಿನ ಆಟ ಆಗ ಅವಮಾನದ ಮಾತೇನಾಗಿರಲಿಲ್ಲ: 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರೇ ಬೂಟಿಲ್ಲದೆ ಆಡಿದ್ದರು. ದೇಶದ ತಂಡಕ್ಕೆ ಬೂಟು ಕಡ್ಡಾಯವಾದದ್ದು 1952ರ ಹೆಲ್ಸಿಂಕಿಯ ಸೋಲಿನ ನಂತರ.

ಕಾಲೇಜಿನ ವರ್ಷ ತೆರೆಯುವುದು ಮಳೆಯ ಜತೆಗೇ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಹೊಸ ಹುಡುಗರನ್ನು ಆರಿಸಿ ತಂಡ ಕಟ್ಟಬೇಕಾದ ತಿಂಗಳುಗಳೂ ಅವೇ. ಮೈದಾನದ ಒಂದು ಮೂಲೆಯಲ್ಲಿ ನೀರು ನಿಂತರೆ ಪಾಸು ಅರ್ಧ ದಾರಿಯಲ್ಲೇ ಸತ್ತುಹೋಗುತ್ತದೆ. ಆಡುವವರು ಚೆಂಡನ್ನು ಎತ್ತಿ ಒದೆಯುವುದನ್ನು ಕಲಿಯುತ್ತಾರೆ, ನೆಲದ ಮೇಲಿನ ಸಣ್ಣ ಪಾಸನ್ನಲ್ಲ. ಹಳೆಯ ಚೆಂಡು ಈ ಕಷ್ಟವನ್ನು ಇಮ್ಮಡಿಸುತ್ತಿತ್ತು. ಹೊರಗೆ ಚರ್ಮದ ಪಟ್ಟಿಗಳು, ಒಳಗೆ ರಬ್ಬರ್ ಬ್ಲಾಡರ್, ಬಾಯಿಗೆ ಲೇಸು. ಚರ್ಮ ನೀರು ಕುಡಿದು ಚೆಂಡು ಭಾರವಾಗುತ್ತಿತ್ತು. ಹೆಡ್ ಮಾಡುವಾಗ ಲೇಸಿನ ಬದಿ ಹಣೆಗೆ ಸಿಕ್ಕಿದರೆ ಚರ್ಮ ಸುಲಿಯುತ್ತಿತ್ತು. ನೀರು ಹೀರದ ಸಿಂಥೆಟಿಕ್ ಚೆಂಡು ವಿಶ್ವಕಪ್ಪಿಗೇ ಬಂದದ್ದು 1986ರಲ್ಲಿ. ಕಾಲೇಜಿನ ಕ್ರೀಡಾ ಕೋಣೆಗೆ ಅದು ಬರುವುದು ಇನ್ನೂ ತಡವಾದರೆ ಆಶ್ಚರ್ಯವಿಲ್ಲ.

ಕರ್ನಾಟಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಆಟದ ವ್ಯವಹಾರಕ್ಕೆ ಜಿಮಖಾನಾ ಎಂಬ ಮುಂಬಯಿ ಕಾಲದ ಹೆಸರೇ ಉಳಿಯಿತು. ಪ್ರವೇಶದ ವೇಳೆ ಜಿಮಖಾನಾ ಶುಲ್ಕ, ಅದರಿಂದ ಜರ್ಸಿ, ಚೆಂಡು, ಪ್ರಯಾಣದ ಖರ್ಚು. ತಂಡ ಆರಿಸುವುದು, ಅರ್ಹತಾ ಪತ್ರ ತುಂಬಿಸುವುದು, ಹುಡುಗರನ್ನು ಬಸ್ಸು ಹತ್ತಿಸುವುದು ಎಲ್ಲ ದೈಹಿಕ ಶಿಕ್ಷಣ ನಿರ್ದೇಶಕರ, ಅಂದರೆ ಪಿ.ಡಿ. ಸರ್ ತಲೆಯ ಮೇಲೆ. ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ ದಾಟಿ ಹೋಗುವ ಬಸ್ಸಿನಿಂದ ಇಳಿದ ಕಾಲಲ್ಲೇ ಮೈದಾನಕ್ಕೆ ಹೋದರೆ ತೊಡೆ ಹಿಡಿದುಕೊಳ್ಳದಿರುತ್ತದೆಯೇ? ಪಂದ್ಯಾವಳಿ ಸಾಮಾನ್ಯವಾಗಿ ನಾಕೌಟ್; ಒಂದು ಸೋಲಿಗೆ ವರ್ಷ ಮುಗಿಯಿತು. ಚೆನ್ನಾಗಿ ಆಡಿದವರಲ್ಲಿ ಕೆಲವರಿಗೆ ‘ಯೂನಿವರ್ಸಿಟಿ ಬ್ಲೂ’ ಸಿಗುತ್ತದೆ. ಅಂಥವರು ವಿಶ್ವವಿದ್ಯಾಲಯ ತಂಡದಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋಗುತ್ತಾರೆ.

ಎದುರಾಳಿಗಳು ಯಾರು ಎಂಬುದು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾದಾಗ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳೆಲ್ಲ ಅದರಡಿ ಇದ್ದವು. ದಂಡು ಪ್ರದೇಶವಿದ್ದ ಬೆಳಗಾವಿ ಅವುಗಳಲ್ಲೊಂದು. ಅಲ್ಲಿ ಫುಟ್‌ಬಾಲಿಗೆ ಹಳೆಯ ನೆಲೆಯಿತ್ತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂದು, ನಡುವೆ ಅದರಡಿ ಸೇರಿದ್ದ ಈಶಾನ್ಯದ ಜಿಲ್ಲೆಗಳು ಬೇರೆಯಾದವು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ರೂಪುಗೊಂಡು ಬೆಳಗಾವಿ, ವಿಜಯಪುರ, ಬಾಗಲಕೋಟೆ ಅತ್ತ ಹೋದವು. ಧಾರವಾಡದ ಪಾಲಿಗೆ ಉಳಿದದ್ದು ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ. ಗೆಲ್ಲುವ ದಾರಿ ಹಗುರಾಯಿತು ಎಂದು ಹೇಳಬಹುದು. ಬಲವಾದ ತಂಡದ ಎದುರು ಆಡಿ ಕಲಿಯುವ ಅವಕಾಶ ಕಡಿಮೆಯಾಯಿತು ಎಂಬುದು ಅದಕ್ಕಿಂತ ತೂಕದ ಮಾತು. ಸೆಮಿಸ್ಟರ್ ಪದ್ಧತಿ ಬಂದು ವರ್ಷದ ನಡುವೆಯೇ ಪರೀಕ್ಷೆ ಬರತೊಡಗಿದ ಮೇಲೆ ಮಳೆಗೂ ಪರೀಕ್ಷೆಗೂ ನಡುವಿನ ಆಡುವ ದಿನಗಳೂ ಕುಗ್ಗಿದವು.

ಗೋವಾದ ಕಾಲೇಜುಗಳೊಂದಿಗೆ ಸೆಣಸುವ ಯೋಗ ಈ ಏರ್ಪಾಟಿನಲ್ಲಿ ಎಂದೂ ಬರಲಿಲ್ಲ. ಅವು ಮೊದಲು ಮುಂಬಯಿ ವಿಶ್ವವಿದ್ಯಾಲಯಕ್ಕೆ, 1985ರ ನಂತರ ಗೋವಾ ವಿಶ್ವವಿದ್ಯಾಲಯಕ್ಕೆ ಸೇರಿದವು. ಆ ನಂಟು ಉಳಿದದ್ದು ಕಾಲೇಜಿನ ಹೊರಗೆ: ಮಳೆ ನಿಂತ ಮೇಲೆ ನಡೆಯುವ ಊರಿನ ಮುಕ್ತ ಪಂದ್ಯಾವಳಿಗಳಲ್ಲಿ. ಕಾಲೇಜು ತಂಡದ ಹುಡುಗರು ಅಲ್ಲಿ ತಮ್ಮ ತಮ್ಮ ವಾಡೆಯ ಕ್ಲಬ್ಬಿನ ಜರ್ಸಿ ತೊಡುತ್ತಾರೆ.