ಇಂಗ್ಲಿಷ್ ವ್ಯಾಕರಣದ ಎರಡು ನಿಯಮಗಳ ಪೂರ್ವಕಥೆ

ಮಕ್ಕಳ ಅಭ್ಯಾಸ ಪುಸ್ತಕಗಳನ್ನು ತಿದ್ದುವಾಗ ಕೆಂಪು ಶಾಯಿಯು ನಮ್ಮ ಕೈಯಲ್ಲಿರುವುದರಿಂದ, ಸರಿತಪ್ಪುಗಳನ್ನು ನಿರ್ಣಯಿಸುವ ಅಧಿಕಾರವೂ ನಮ್ಮ ಕೈಯಲ್ಲಿಯೇ ಇದೆಯೆಂದು ನಾವು ಶಿಕ್ಷಕರು ಭಾವಿಸುವುದುಂಟು. ಆ ಭಾವನೆಗೆ ಸಣ್ಣದೊಂದು ಪೆಟ್ಟು ತಗುಲಿದ ಪ್ರಸಂಗವೇ ಈ ಲೇಖನಕ್ಕೆ ಕಾರಣವಾಗಿದೆ.

ದಾಬೋಲಿಮಿನ ಈ ಎತ್ತರದ ಬಯಲಿನಲ್ಲಿ ಪೋರ್ತುಗೀಜರು ೧೯೫೫ರಲ್ಲಿ ವಿಮಾನ ನಿಲ್ದಾಣವನ್ನು ತೆರೆದರು. ೧೯೬೧ರ ಡಿಸೆಂಬರಿನಲ್ಲಿ ಗೋವೆಯು ವಿಮೋಚನೆ ಹೊಂದಿದ ತರುವಾಯ ಅದು ಭಾರತೀಯ ನೌಕಾದಳದ ವಶಕ್ಕೆ ಬಂದಿತು. ಬಂದರಿನ ಕೆಲಸ, ಕಟ್ಟಡದ ಕೆಲಸ, ಕಾರ್ಖಾನೆಯ ಕೆಲಸಗಳನ್ನು ಅರಸಿಕೊಂಡು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಸೀಮೆಗಳಿಂದ ಬಂದ ಕುಟುಂಬಗಳು ಈ ಸುತ್ತುಮುತ್ತ ನೆಲೆಸಿವೆ. ಅವರ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ ಮತ್ತು ಹಿಂದಿ, ಶಾಲೆಯಲ್ಲಿ ಕನ್ನಡದೊಡನೆ ಇಂಗ್ಲಿಷು. ಇಂತಹ ಒಂದು ನಾಲ್ಕನೆಯ ಇಯತ್ತೆಯಲ್ಲಿ ಬಾಲಕಿಯೊಬ್ಬಳು ‘ಮೈ ಫಾದರ್ ಆರ್ ಗೋಯಿಂಗ್ ಟು ವಾಸ್ಕೋ’ ಎಂದು ಬರೆದಿದ್ದಳು. ನಾವು ‘ಆರ್’ ಎಂಬುದನ್ನು ಹೊಡೆದುಹಾಕಿ ಮೇಲೆ ‘ಈಸ್’ ಎಂದು ಬರೆದೆವು. ಅವಳು ಪುಸ್ತಕವನ್ನು ನೋಡಿ, “ಸರ್, ಈಸ್ ಅಂದ್ರ ಅಪ್ಪಾರಿಗೆ ಏಕವಚನ ಆಗ್ತೈತಲ್ರೀ?” ಎಂದಳು.

“ಇಂಗ್ಲಿಷಿನಲ್ಲಿ ಹಾಗಿಲ್ಲಮ್ಮ. ಒಬ್ಬರಾದರೆ ಈಸ್, ಹಲವರಾದರೆ ಆರ್. ಅದು ನಿಯಮ” ಎಂದೆವು.

“ಹಂಗಾದ್ರ ‘ಯು’ ಒಬ್ರೇ ಇದ್ರೂ ‘ಆರ್’ ಯಾಕ ಬರ್ತೈತ್ರೀ?”

ನಮ್ಮಲ್ಲಿ ಉತ್ತರವಿರಲಿಲ್ಲ. “ನಿಯಮವೆಂದರೆ ನಿಯಮ, ಕುಳಿತುಕೋ” ಎಂದುಬಿಟ್ಟೆವು. ಅವಳು ಕುಳಿತಳು. ಆದರೆ ಪ್ರಶ್ನೆಯು ಕುಳಿತುಕೊಳ್ಳಲಿಲ್ಲ. ಶಿಕ್ಷಕ ತರಬೇತಿಯ ಪ್ರಮಾಣಪತ್ರವನ್ನು ಪಡೆದು ಹಲವು ವರ್ಷ ಪಾಠ ಹೇಳಿದ ನಮಗೆ, ದಿನವೂ ಬಾಯಲ್ಲಿ ಬರುವ ‘ಯು ಆರ್’ ಎಂಬ ಎರಡು ಪದಗಳ ಹಿನ್ನೆಲೆಯು ತಿಳಿದಿರಲಿಲ್ಲವೆಂಬುದು ನಾಚಿಕೆಯ ಸಂಗತಿಯೇ ಸರಿ. ಆ ಹಿನ್ನೆಲೆಯನ್ನು ಹುಡುಕಿಕೊಂಡು ಹೋದಾಗ ನಮಗೆ ದೊರೆತುದನ್ನು ವಾಚಕರ ಮುಂದಿಡುತ್ತೇವೆ.

ಮೊದಲು ನಮ್ಮ ನುಡಿಯನ್ನು ನೋಡೋಣ. ಕರ್ತೃಪದಕ್ಕೂ ಕ್ರಿಯಾಪದಕ್ಕೂ ಇರಬೇಕಾದ ಹೊಂದಾಣಿಕೆಯು ಕನ್ನಡದ ಮಗುವಿಗೆ ಹೊಸದೇನೂ ಅಲ್ಲ. ಬಂದನು, ಬಂದಳು, ಬಂದಿತು, ಬಂದರು, ಬಂದವು ಎಂಬಲ್ಲಿ ಲಿಂಗ, ವಚನ, ಪುರುಷಗಳು ಮೂರೂ ಕ್ರಿಯಾಪದದ ಕೊನೆಯಲ್ಲಿಯೇ ಸ್ಪಷ್ಟವಾಗಿ ತೋರುತ್ತವೆ. ‘ಅಪ್ಪ ಬಂದಳು’ ಎಂದು ನಾವು ಕರಿಹಲಗೆಯ ಮೇಲೆ ಬರೆದರೆ ಒಂದನೆಯ ಇಯತ್ತೆಯ ಮಗುವೂ ನಗುತ್ತದೆ. ಇಂಗ್ಲಿಷಿನಲ್ಲಿ ಇಷ್ಟು ಬಗೆ ಉಳಿದಿಲ್ಲ. ಐ ಗೋ, ಯು ಗೋ, ವಿ ಗೋ, ದೇ ಗೋ. ‘ಹಿ’ ಬಂದಾಗ ಮಾತ್ರ ಗೋಸ್. ಐಶ್ವರ್ಯವಿದ್ದ ಮನೆಯಿಂದ ಬಂದ ಮಗುವಿಗೆ ಬಡವರ ಮನೆಯ ಒಂದೇ ಒಂದು ಪಾತ್ರೆಯು ಕಣ್ಣಿಗೆ ಬೀಳದಿರುವಂತೆ, ನಮ್ಮ ಮಕ್ಕಳು ಆ ಒಂಟಿ ‘ಸ್’ಕಾರವನ್ನು ಮರೆತುಬಿಡುತ್ತಾರೆ. ಇನ್ನು, ತಂದೆ, ಗುರು, ಅತಿಥಿ ಮೊದಲಾದವರು ಒಬ್ಬರೇ ಇದ್ದರೂ ಕನ್ನಡದಲ್ಲಿ ಗೌರವಕ್ಕಾಗಿ ಬಹುವಚನವನ್ನು ಬಳಸುತ್ತೇವೆ. ಆ ಬಾಲಕಿಯ ‘ಫಾದರ್ ಆರ್’ ಎಂಬುದು ಹೊಂದಾಣಿಕೆಯನ್ನು ಅರಿಯದ ತಪ್ಪಲ್ಲ. ಕನ್ನಡದ ಹೊಂದಾಣಿಕೆಯನ್ನು ಚೆನ್ನಾಗಿ ಅರಿತುದರಿಂದಲೇ ಆದ ತಪ್ಪು.

ಇಂಗ್ಲಿಷು ಸಹ ಒಂದು ಕಾಲದಲ್ಲಿ ಪ್ರತ್ಯಯಗಳಿಂದ ತುಂಬಿದ ಭಾಷೆಯಾಗಿತ್ತು. ಕ್ರಿ. ಶ. ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚಿನ ಆ ಭಾಷೆಯಲ್ಲಿ ನಾಮಪದಗಳಿಗೆ ವಿಭಕ್ತಿಗಳಿದ್ದವು, ಕ್ರಿಯಾಪದಗಳಿಗೆ ಪುರುಷ ವಚನಗಳಿಗೆ ತಕ್ಕ ಬೇರೆ ಬೇರೆ ಪ್ರತ್ಯಯಗಳಿದ್ದವು. ಮಾತಿನಲ್ಲಿ ಪದಾಂತ್ಯದ ಸ್ವರಗಳು ದುರ್ಬಲವಾಗುತ್ತ ಹೋದುದರಿಂದಲೂ, ಉತ್ತರದ ಸ್ಕಾಂಡಿನೇವಿಯದವರೊಡನೆ, ಅನಂತರ ನಾರ್ಮನರೊಡನೆ ಬೆರೆತುದರಿಂದಲೂ ಆ ಪ್ರತ್ಯಯಗಳು ಬಹುಮಟ್ಟಿಗೆ ಉದುರಿಹೋದವು. ಉಳಿದ ಕೆಲವೇ ಅವಶೇಷಗಳಲ್ಲಿ ‘ಗೋಸ್’ ಎಂಬಲ್ಲಿನ ‘ಸ್’ಕಾರವೂ ಒಂದು. ಅದೂ ದೇಶಕ್ಕೆಲ್ಲ ಸಮಾನವಾಗಿರಲಿಲ್ಲ. ಉತ್ತರ ಇಂಗ್ಲೆಂಡಿನವರು ‘ಗೋಸ್’ ಎಂಬಂತೆ ನುಡಿದರೆ ದಕ್ಷಿಣದವರು ‘ಗೋಎತ್’ ಎಂಬಂತೆ ನುಡಿಯುತ್ತಿದ್ದರು. ೧೬೧೧ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲಿನಲ್ಲಿ ದಕ್ಷಿಣದ ಹಳೆಯ ರೂಪವೇ ಇದೆ. ಅದೇ ಕಾಲದ ಷೇಕ್ಸ್‌ಪಿಯರನಲ್ಲಿ ಎರಡೂ ರೂಪಗಳು ಕಾಣುತ್ತವೆ. ಹದಿನೇಳನೆಯ ಶತಮಾನದಲ್ಲಿ ಉತ್ತರದ ಹಳ್ಳಿಗರ ರೂಪವು ಲಂಡನ್ನಿನ ಮಾತಿನಲ್ಲಿ ನೆಲೆಗೊಂಡಿತು. ನಾವು ಇಂದು ಶುದ್ಧವೆಂದು ಕಲಿಸುವುದು ಹಿಂದೆ ಒಂದು ಪ್ರಾಂತದ ಆಡುನುಡಿಯಾಗಿತ್ತೆಂಬುದನ್ನು ಉತ್ತರ ಕರ್ನಾಟಕದ ಮಕ್ಕಳ ಆಡುಮಾತನ್ನು ತಿದ್ದುವ ನಾವು ನೆನಪಿಡುವುದು ಒಳ್ಳೆಯದು.

ಈಗ ಬಾಲಕಿಯ ಪ್ರಶ್ನೆಗೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ ‘ನೀನು’ ಎಂಬುದಕ್ಕೆ ‘ದೌ’ ಎಂಬ ಬೇರೆಯ ಪದವಿತ್ತು. ‘ಯು’ ಎಂಬುದು ಬಹುವಚನಕ್ಕೆ ಮೀಸಲಾಗಿತ್ತು. ಹದಿಮೂರನೆಯ ಶತಮಾನದಿಂದ ಈಚೆಗೆ, ಫ್ರೆಂಚರ ರೂಢಿಯನ್ನು ಅನುಸರಿಸಿ, ದೊಡ್ಡವರೊಬ್ಬರನ್ನು ಉದ್ದೇಶಿಸುವಾಗಲೂ ಬಹುವಚನದ ಪದವನ್ನೇ ಬಳಸುವ ಪದ್ಧತಿಯು ಬೆಳೆಯಿತು. ನಾವು ಗುರುಗಳಿಗೆ ‘ನೀವು’ ಎನ್ನುವುದೂ ಇದೂ ಒಂದೇ. ಮರ್ಯಾದೆಯ ಮಾತು ಕ್ರಮವಾಗಿ ಸಮಾನರಿಗೂ, ಕೊನೆಗೆ ಎಲ್ಲರಿಗೂ ಹಬ್ಬಿ, ‘ದೌ’ ಎಂಬುದು ಹದಿನೇಳನೆಯ ಶತಮಾನದ ಹೊತ್ತಿಗೆ ಶಿಷ್ಟರ ನಿತ್ಯದ ಮಾತಿನಿಂದ ಬಹುಮಟ್ಟಿಗೆ ಮರೆಯಾಯಿತು. ಅದೇ ಶತಮಾನದಲ್ಲಿ ಕ್ವೇಕರರೆಂಬ ಧಾರ್ಮಿಕ ಪಂಗಡದವರು, ದೇವರ ಮುಂದೆ ಎಲ್ಲರೂ ಸಮಾನರಾದುದರಿಂದ ಅಧಿಕಾರಿಯನ್ನೂ ‘ದೌ’ ಎಂದೇ ಕರೆಯುವೆವೆಂದು ಹಟ ಹಿಡಿದು, ಅದಕ್ಕಾಗಿ ಜನರ ಕೋಪವನ್ನೂ ಪೆಟ್ಟನ್ನೂ ಸಹಿಸಿದರು. ಸರ್ವನಾಮವೊಂದಕ್ಕಾಗಿ ಮನುಷ್ಯರು ಪೆಟ್ಟು ತಿಂದಿದ್ದಾರೆ!

‘ಯು’ ಏಕವಚನದ ಅರ್ಥವನ್ನು ಪಡೆದ ಬಳಿಕ ಕ್ರಿಯಾಪದವೂ ಏಕವಚನವಾಗಬೇಡವೆ? ಹದಿನೆಂಟನೆಯ ಶತಮಾನದಲ್ಲಿ ಒಬ್ಬರನ್ನು ಉದ್ದೇಶಿಸುವಾಗ ‘ಯು ವಾಸ್’ ಎನ್ನುವವರು ಅನೇಕರಿದ್ದರು. ೧೭೬೨ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿಯು ತನ್ನ ಚಿಕ್ಕ ವ್ಯಾಕರಣ ಪುಸ್ತಕದಲ್ಲಿ ಇದನ್ನು ತಪ್ಪೆಂದು ಖಂಡಿಸಿದನು. ೧೭೯೫ರಲ್ಲಿ ಲಿಂಡ್ಲೆ ಮರ್ರೆಯು ಪ್ರಕಟಿಸಿದ ವ್ಯಾಕರಣವು ಲೌತನ ಮಾರ್ಗದಲ್ಲಿಯೇ ನಡೆದು ಅಸಂಖ್ಯ ಶಾಲೆಗಳಲ್ಲಿ ಬಳಕೆಗೆ ಬಂದಿತು. ಹೀಗೆ ‘ಯು ಆರ್’, ‘ಯು ವರ್’ ಎಂಬ ಬಹುವಚನದ ಕ್ರಿಯಾಪದಗಳೇ ಸ್ಥಿರವಾದವು. ಅವು ಗೌರವದ ಬಹುವಚನದ ಪಳೆಯುಳಿಕೆಗಳು. ನಮ್ಮ ಬಾಲಕಿಯು ‘ಫಾದರ್’ ಎಂಬುದಕ್ಕೆ ಕೊಟ್ಟ ಮರ್ಯಾದೆಯನ್ನು ಇಂಗ್ಲಿಷರು ‘ಯು’ ಎಂಬುದಕ್ಕೆ ಕೊಟ್ಟು, ಕೊಟ್ಟುದನ್ನು ಮರೆತಿದ್ದಾರೆ, ಅಷ್ಟೆ. ಗೋವೆಯನ್ನು ಆಳಿದ ಪೋರ್ತುಗೀಜರ ಭಾಷೆಯಲ್ಲಿಯೂ ಇಂತಹದೇ ಒಂದು ಸಂಗತಿಯಿದೆ. ಅವರ ‘ವೊಸೆ’ ಎಂಬ ಸರ್ವನಾಮವು ‘ತಮ್ಮ ಕೃಪೆ’ ಎಂಬರ್ಥದ ಗೌರವದ ಮಾತು ಸವೆದು ಆದುದು. ಆದುದರಿಂದ ಎದುರಿಗಿರುವವರನ್ನೇ ಕುರಿತು ನುಡಿದರೂ ಅದರ ಕ್ರಿಯಾಪದವು ಇಂದಿಗೂ ಪ್ರಥಮಪುರುಷದಲ್ಲಿಯೇ ಇರುತ್ತದೆ.

ಎರಡನೆಯ ನಿಯಮವು ಪ್ರಿಪೊಸಿಷನ್ನುಗಳದು, ಎಂದರೆ ನಾಮಪದದ ಮುಂದೆ ನಿಂತು ಸಂಬಂಧವನ್ನು ಸೂಚಿಸುವ ಅವ್ಯಯಗಳದು. ವಿಭಕ್ತಿ ಪ್ರತ್ಯಯಗಳು ಉದುರಿದಂತೆಲ್ಲ ಅವುಗಳ ಹೊರೆಯು ಇನ್, ಆನ್, ಅಟ್, ಟು, ಆಫ್ ಎಂಬ ಈ ಸಣ್ಣ ಪದಗಳ ಹೆಗಲಿಗೆ ಬಿದ್ದಿತು. ನಮ್ಮಲ್ಲಿ ಆ ಹೊರೆಯನ್ನು ಪ್ರತ್ಯಯಗಳೇ ಹೊತ್ತಿವೆ, ಅವು ಪದದ ಹಿಂದೆ ಬರುತ್ತವೆ. ಒಂದು ಸಪ್ತಮಿಯ ‘ಅಲ್ಲಿ’ ಪ್ರತ್ಯಯವು ಎಷ್ಟು ಕೆಲಸ ಮಾಡುತ್ತದೆಂಬುದನ್ನು ನೋಡಿರಿ. ‘ಪೆಟ್ಟಿಗೆಯಲ್ಲಿ’ ಎಂಬಲ್ಲಿ ‘ಇನ್’, ‘ಗೋಡೆಯಲ್ಲಿ’ ಎಂಬಲ್ಲಿ ‘ಆನ್’, ‘ಬಾಗಿಲಲ್ಲಿ’ ಎಂಬಲ್ಲಿ ‘ಅಟ್’, ‘ಬಸ್ಸಿನಲ್ಲಿ ಬಂದೆ’ ಎಂಬಲ್ಲಿ ‘ಬೈ’. ಒಂದಕ್ಕೆ ನಾಲ್ಕನ್ನು ಆರಿಸಬೇಕಾದ ಮಗುವು ತಡವರಿಸುವುದು ಸಹಜ. ‘ನಾಲ್ಕು ವರ್ಷದಿಂದ ಗೋವೆಯಲ್ಲಿದ್ದೇವೆ’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಅದು ‘ಫ್ರಮ್ ಫೋರ್ ಇಯರ್ಸ್’ ಎಂದು ಬರೆಯುತ್ತದೆ. ಇಂಗ್ಲಿಷಿನಲ್ಲಿ ಅಲ್ಲಿ ‘ಫಾರ್’ ಬರಬೇಕು.

ನಾವೂ ಈ ಕೆಸರಿನಲ್ಲಿ ಬಿದ್ದವರೇ. ಉದ್ಯೋಗಕ್ಕಾಗಿ ಒಂದು ಕಡೆ ಸಂದರ್ಶನಕ್ಕೆ ಹೋದಾಗ ‘ಡಿಸ್ಕಸ್ ಅಬೌಟ್’ ಎಂದುದನ್ನು ಕೇಳಿ ಮೇಜಿನ ಆಚೆಯಿದ್ದವರು ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ‘ಡಿಸ್ಕಸ್’ ಎಂಬ ಕ್ರಿಯಾಪದವು ನೇರವಾಗಿ ಕರ್ಮಪದವನ್ನು ತೆಗೆದುಕೊಳ್ಳುತ್ತದೆ, ‘ಅಬೌಟ್’ ಬೇಕಾಗಿಲ್ಲವೆಂದು ಅವರಲ್ಲಿ ಒಬ್ಬರಾದರೂ ಹೇಳಿದ್ದರೆ ಆ ದಿನವೇ ಕಲಿಯುತ್ತಿದ್ದೆವು. ನಗೆಯು ಮಾತ್ರ ನೆನಪಿನಲ್ಲಿ ಉಳಿಯಿತು. ನಿಯಮವು ಎರಡು ವರ್ಷಗಳ ಬಳಿಕ ತಿಳಿಯಿತು. ಕನ್ನಡದಲ್ಲಿ ‘ಇದರ ಬಗ್ಗೆ ಚರ್ಚಿಸೋಣ’ ಎಂಬುದೇ ರೂಢಿಯಾದುದರಿಂದ ಆ ತಪ್ಪು ಬಂದಿತ್ತು.

ಪ್ರಿಪೊಸಿಷನ್ನಿನಿಂದ ವಾಕ್ಯವನ್ನು ಮುಗಿಸಬಾರದೆಂಬ ಇನ್ನೊಂದು ನಿಯಮವನ್ನು ಹಳೆಯ ಪುಸ್ತಕಗಳು ಹೇಳುತ್ತವೆ. ಕವಿ ಡ್ರೈಡನನು ೧೬೭೨ರಲ್ಲಿ ಇಂತಹ ವಾಕ್ಯಗಳನ್ನು ದೋಷವೆಂದು ಆಕ್ಷೇಪಿಸಿದನು. ಲ್ಯಾಟಿನ್ನಿನಲ್ಲಿ ಇಂತಹ ಪದವು ನಾಮಪದದ ಹಿಂದೆ ಉಳಿಯದ ಕಾರಣ ಇಂಗ್ಲಿಷಿಗೂ ಅದೇ ಶೋಭೆಯೆಂಬ ಭಾವನೆಯು ಪಂಡಿತರಲ್ಲಿತ್ತು. ಲೌತನು ಮಾತುಕತೆಯಲ್ಲಿ ಅದು ಸಲ್ಲುವುದೆಂದೂ ಗಂಭೀರ ಶೈಲಿಯಲ್ಲಿ ಮುಂದಿಡುವುದೇ ಲೇಸೆಂದೂ ಹೇಳಿದನು. ವಿನೋದವೆಂದರೆ, ಈ ವಿಷಯವನ್ನು ಹೇಳುವಾಗ ಅವನ ವಾಕ್ಯವೇ ಆ ರೀತಿಯ ಪ್ರಯೋಗವನ್ನು ಒಳಗೊಂಡಿತ್ತು. ಇಂದಿನ ಒಳ್ಳೆಯ ಲೇಖಕರು ಈ ನಿಯಮವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದುದರಿಂದ ನಿಯಮಗಳೆಲ್ಲ ಒಂದೇ ತೂಕದವಲ್ಲ. ‘ಹಿ ಗೋಸ್’ ಎಂಬುದು ಭಾಷೆಯೊಳಗಿಂದ ಬೆಳೆದ ನಿಯಮ. ಇದು ಹೊರಗಿನಿಂದ ತೊಡಿಸಿದ ಒಡವೆ.

ಇಷ್ಟನ್ನು ಓದಿದ ಬಳಿಕ ನಮ್ಮ ಗಮನವು ಈ ಗೋವೆಯ ನೆಲದ ಕಡೆಗೇ ತಿರುಗಿತು. ೧೫೭೯ರ ಅಕ್ಟೋಬರಿನಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸುಯಿಟ್ ಪಾದ್ರಿಯು ಗೋವೆಗೆ ಬಂದನು. ಆಗ ಅವನ ತಾಯಿನುಡಿಗೆ ಮುದ್ರಿತವಾದ ಒಂದು ವ್ಯಾಕರಣವೂ ಇರಲಿಲ್ಲ. ಇಂಗ್ಲೆಂಡಿನ ಹುಡುಗರು ವ್ಯಾಕರಣವೆಂದು ಕಲಿಯುತ್ತಿದ್ದುದು ಲ್ಯಾಟಿನ್ನಿನದು. ವಿಲಿಯಂ ಬುಲೋಕರನು ಬರೆದ ಮೊದಲನೆಯ ಇಂಗ್ಲಿಷ್ ವ್ಯಾಕರಣವು ಅಚ್ಚಾದುದು ೧೫೮೬ರಲ್ಲಿ. ಸ್ಟೀಫನ್ಸನು ಸುಮಾರು ನಾಲ್ವತ್ತು ವರ್ಷ, ೧೬೧೯ರಲ್ಲಿ ತೀರಿಕೊಳ್ಳುವ ತನಕ, ಹೆಚ್ಚಾಗಿ ಸಾಷ್ಟಿಯ ಹಳ್ಳಿಗಳಲ್ಲಿ ಬಾಳಿದನು. ಇಲ್ಲಿನ ನುಡಿಗಳ ರಚನೆಯು ಗ್ರೀಕ್ ಲ್ಯಾಟಿನ್ನುಗಳನ್ನು ಹೋಲುತ್ತದೆಂದು ೧೫೮೩ರಷ್ಟು ಹಿಂದೆಯೇ ತನ್ನ ತಮ್ಮನಿಗೆ ಪತ್ರ ಬರೆದನು. ಕೊಂಕಣಿಯನ್ನು ಕಲಿತು, ಪೋರ್ತುಗೀಜ್ ಭಾಷೆಯಲ್ಲಿ ಅದಕ್ಕೊಂದು ವ್ಯಾಕರಣವನ್ನು ರಚಿಸಿದನು. ಇನ್ನೊಬ್ಬ ಪಾದ್ರಿ ದಿಯೋಗೊ ರಿಬೈರೊ ಅದನ್ನು ವಿಸ್ತರಿಸಿದ ಮೇಲೆ, ೧೬೪೦ರಲ್ಲಿ ಜುವಾರಿಯ ದಂಡೆಯ ರಾಯ್ತೂರಿನಲ್ಲಿ ಅದು ಅಚ್ಚಾಯಿತು. ಭಾರತೀಯ ಭಾಷೆಗಳ ಮುದ್ರಿತ ವ್ಯಾಕರಣಗಳಲ್ಲಿ ಅದನ್ನು ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ.

ಆ ಪುಸ್ತಕದ ಹೆಸರಿನಲ್ಲಿ ಭಾಷೆಯನ್ನು ‘ಕನಾರಿಂ’ ಎಂದು ಕರೆಯಲಾಗಿದೆ. ಕನ್ನಡಿಗರು ಇದನ್ನು ನೋಡಿ ಕನ್ನಡದ ವ್ಯಾಕರಣವೆಂದು ಹಿಗ್ಗಬಾರದು. ಪೋರ್ತುಗೀಜರು ಗೋವೆಯ ಜನರನ್ನೂ ಅವರ ಕೊಂಕಣಿಯನ್ನೂ ಆ ಹೆಸರಿನಿಂದ ಕರೆಯುತ್ತಿದ್ದರು. ೧೮೫೭ರಲ್ಲಿ ಕುನ್ಯ ರಿವಾರನು ಆ ವ್ಯಾಕರಣವನ್ನು ಮತ್ತೆ ಅಚ್ಚುಹಾಕಿಸಿದಾಗ ಹೆಸರನ್ನು ಕೊಂಕಣಿಯೆಂದೇ ತಿದ್ದಿದನು. ಈ ಎರಡು ಮುದ್ರಣಗಳ ನಡುವೆ, ೧೬೮೪ರಲ್ಲಿ, ಜನರು ಕೊಂಕಣಿಯನ್ನು ಬಿಟ್ಟು ಮೂರು ವರ್ಷದೊಳಗೆ ಪೋರ್ತುಗೀಜನ್ನೇ ಆಡಬೇಕೆಂದು ಸರಕಾರವು ಆಜ್ಞೆ ಹೊರಡಿಸಿತ್ತು. ಆಜ್ಞೆಯು ಹೋಯಿತು, ಕೊಂಕಣಿಯು ಉಳಿಯಿತು.

ಸ್ಟೀಫನ್ಸನು ಸಾಷ್ಟಿಯಲ್ಲಿದ್ದ ಕಾಲದಲ್ಲಿಯೇ, ಇದೇ ಕರಾವಳಿಯ ದಕ್ಷಿಣಕ್ಕೆ, ಭಟ್ಕಳದ ಬಳಿಯ ಹಾಡುವಳ್ಳಿಯ ಜೈನ ಪರಂಪರೆಯ ಭಟ್ಟಾಕಳಂಕದೇವನು ೧೬೦೪ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದನು. ಅದು ೫೯೨ ಸಂಸ್ಕೃತ ಸೂತ್ರಗಳ ಕನ್ನಡ ವ್ಯಾಕರಣ. ಕೇಶಿರಾಜನ ‘ಶಬ್ದಮಣಿದರ್ಪಣ’ವು ಅದಕ್ಕಿಂತ ಮೂರು ಶತಮಾನಗಳಿಗೂ ಹಿಂದೆ, ಸುಮಾರು ೧೨೬೦ರಲ್ಲಿ, ಕನ್ನಡದಲ್ಲಿಯೇ ರಚಿತವಾಗಿತ್ತು. ಇಂಗ್ಲಿಷಿನ ಮೊದಲ ವ್ಯಾಕರಣವು ಹುಟ್ಟುವ ಹೊತ್ತಿಗೆ ನಮ್ಮ ವಿಭಕ್ತಿಗಳ ವಿಚಾರವು ಹಳೆಯದಾಗಿತ್ತು. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ನಮ್ಮ ಮಕ್ಕಳು ವ್ಯಾಕರಣವಿಲ್ಲದ ಮನೆಯಿಂದ ಬಂದವರಲ್ಲವೆಂಬುದನ್ನು ತೋರಿಸಲಿಕ್ಕಾಗಿ ಹೇಳುತ್ತೇವೆ. ಮುಂದೆ ೧೮೧೭ರಲ್ಲಿ ವಿಲಿಯಂ ಕೇರಿ, ೧೮೨೦ರಲ್ಲಿ ಮೆಕೆರೆಲ್, ೧೯೦೩ರಲ್ಲಿ ಕಿಟ್ಟೆಲ್ ಮೊದಲಾದವರು ಕನ್ನಡಕ್ಕೆ ಇಂಗ್ಲಿಷಿನಲ್ಲಿ ವ್ಯಾಕರಣಗಳನ್ನು ಬರೆದರು. ಬೆಳೆದ ಪಂಡಿತರು ನಮ್ಮ ನುಡಿಯ ಮುಂದೆ ವಿದ್ಯಾರ್ಥಿಗಳಾಗಿ ಕುಳಿತು, ‘ಇದು ಹೀಗೇಕೆ?’ ಎಂದು ಕೇಳಿದುದರಿಂದಲೇ ಆ ಪುಸ್ತಕಗಳು ಆದವು. ಆದರೆ ನಮ್ಮ ಶಾಲೆಗಳಿಗೆ ನೆಸ್‌ಫೀಲ್ಡ್, ಅನಂತರ ರೆನ್ ಮತ್ತು ಮಾರ್ಟಿನ್ನರ ಪುಸ್ತಕಗಳ ಮೂಲಕ ನಿಯಮಗಳು ಬಂದಾಗ ಆ ‘ಏಕೆ?’ ಎಂಬುದು ದಾರಿಯಲ್ಲಿ ಬಿದ್ದುಹೋಗಿ, ಪಟ್ಟಿಯು ಮಾತ್ರ ನಮ್ಮ ಕೈಗೆ ತಲುಪಿತು.

ತಪ್ಪನ್ನು ತಿದ್ದಬಾರದೆಂದು ನಮ್ಮ ಅಭಿಪ್ರಾಯವಲ್ಲ. ಪರೀಕ್ಷೆಯಲ್ಲಿ ‘ಫಾದರ್ ಆರ್’ ಎಂದು ಬರೆದವಳಿಗೆ ಇತಿಹಾಸವು ಅಂಕ ಕೊಡುವುದಿಲ್ಲ. ಬಡ ಕನ್ನಡಿಗನ ಮಗುವಿಗೆ ಶುದ್ಧವಾದ ಇಂಗ್ಲಿಷು ಅನ್ನದ ಪ್ರಶ್ನೆಯೂ ಹೌದು. ಮೇಜಿನ ಆಚೆ ನಗುವವರು ಇನ್ನೂ ಇದ್ದಾರೆ. ಆದರೆ ತಿದ್ದುವ ಮೊದಲು, ಆ ವಾಕ್ಯದ ಹಿಂದೆ ಯಾವ ಕನ್ನಡ ವಾಕ್ಯವಿದೆಯೆಂದು ನಾವು ಮಗುವನ್ನು ಕೇಳಬಹುದು. ಹಾಗೆ ಕೇಳಲಾರಂಭಿಸಿದ ಮೇಲೆ ನಮ್ಮ ತರಗತಿಯಲ್ಲಿ ತಪ್ಪುಗಳು ಒಮ್ಮೆಗೇ ಮಾಯವಾಗಲಿಲ್ಲ; ಪುಸ್ತಕವನ್ನು ಮುಚ್ಚಿಟ್ಟುಕೊಳ್ಳುವ ಮಕ್ಕಳು ಮಾತ್ರ ಕಡಿಮೆಯಾದರು.

ಕೆಲವು ದಿನಗಳ ತರುವಾಯ ‘ಯು ಆರ್’ ಎಂಬುದರ ಕಥೆಯನ್ನು ತರಗತಿಗೆ ಹೇಳಿ, ಆ ದಿನ ಗದರಿಸಿದುದು ನಮ್ಮ ತಪ್ಪೆಂದು ಒಪ್ಪಿಕೊಂಡೆವು. ಬಾಲಕಿಯು ಸ್ವಲ್ಪ ಯೋಚಿಸಿ, “ಹಂಗಾದ್ರ ಅವರೂ ಮೊದಲ ಮರ್ಯಾದಿ ಕೊಡ್ತಿದ್ರು ಅನ್ರೀ” ಎಂದಳು. ಅನಂತರ ಪುಸ್ತಕವನ್ನು ತೆರೆದು ತಾನಾಗಿಯೇ ‘ಮೈ ಫಾದರ್ ಈಸ್’ ಎಂದು ಬರೆದಳು.