ಆಮೆನ್

ಪ್ರಾರ್ಥನೆ ಮುಗಿದ ಗುರುತು ಎಂದೇ ಹೆಚ್ಚಿನವರು ಈ ಪದವನ್ನು ಬಲ್ಲರು. ಹೀಬ್ರೂವಿನಲ್ಲಿ ಇದರ ಧಾತುವಿಗೆ ಗಟ್ಟಿಯಾಗಿ ನಿಲ್ಲುವುದು, ಭರವಸೆಗೆ ತಕ್ಕಂತಿರುವುದು ಎಂಬ ಅರ್ಥ. ಸತ್ಯವೆನ್ನುವ 'ಎಮೆತ್', ನಂಬಿಗಸ್ತಿಕೆಯೆನ್ನುವ 'ಎಮುನಾ' ಇದರ ಒಡಹುಟ್ಟುಗಳು. ವಿಮೋಚನಕಾಂಡದ 17ನೇ ಅಧ್ಯಾಯದಲ್ಲಿ ಆರೋನ, ಹೂರರ ಆಸರೆಯಿಂದ ಹೊತ್ತು ಮುಳುಗುವವರೆಗೂ ಎತ್ತಿದಂತೆಯೇ ಅಲುಗದೆ ನಿಂತ ಮೋಶೆಯ ಕೈಗಳಿಗೂ 'ಎಮುನಾ' ಎಂಬ ಮಾತೇ ಬಂದಿದೆ. ಸತ್ಯಕ್ಕೆ ತೋಳಿನ ಕಸುವೂ ಬೇಕೆಂದು ಭಾಷೆಯೇ ಹೇಳಿದಂತಿದೆ.

ಬೈಬಲಿನಲ್ಲಿ 'ಆಮೆನ್' ಅನ್ನುವುದು ಒಪ್ಪಂದಕ್ಕೆ ಸಹಿ ಹಾಕಿದ ಹಾಗೆ. ಧರ್ಮೋಪದೇಶಕಾಂಡದ 27ನೇ ಅಧ್ಯಾಯದಲ್ಲಿ ಜನ ಅದನ್ನು 12 ಸಲ ಹೇಳಬೇಕು, ಅದೂ ಶಾಪಗಳಿಗೆ: ನೆರೆಯವನ ಗಡಿಕಲ್ಲು ಸರಿಸಿದವನಿಗೆ, ಕುರುಡನಿಗೆ ದಾರಿ ತಪ್ಪಿಸಿದವನಿಗೆ, ಲಂಚ ತಿಂದು ನಿರಪರಾಧಿಯನ್ನು ಕೊಂದವನಿಗೆ. ಯಾರೂ ಕಾಣದ ಹೊತ್ತಿನಲ್ಲಿ ನಡೆಯುವ ತಪ್ಪುಗಳೇ ಇಲ್ಲಿ ಹೆಚ್ಚು.

ನನ್ನ ಮನಸ್ಸು ಹಿಡಿದು ನಿಲ್ಲಿಸುವುದು ನೆಹೆಮೀಯನ 5ನೇ ಅಧ್ಯಾಯ. ಯೆರೂಸಲೇಮಿನ ಶ್ರೀಮಂತರು ಸಾಲಕ್ಕಾಗಿ ತಮ್ಮವರದೇ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಕಿತ್ತುಕೊಂಡಿದ್ದರು. ಅವನ್ನು ಮರಳಿಸುವುದಾಗಿ ನೆಹೆಮೀಯ ಅವರಿಂದ ಪ್ರಮಾಣ ಮಾಡಿಸಿ, ತನ್ನ ಉಡಿಯನ್ನು ಝಾಡಿಸಿ, ಮಾತು ತಪ್ಪಿದವನನ್ನು ದೇವರೂ ಹೀಗೆಯೇ ಝಾಡಿಸಲಿ ಎಂದ. ಸಭೆಯೆಲ್ಲ 'ಆಮೆನ್' ಎಂದಿತು, ಆಡಿದಂತೆ ನಡೆದುಕೊಂಡಿತು.

ಯೇಸು ಈ ಪದವನ್ನು ಮಾತಿನ ಕೊನೆಯಿಂದ ಮೊದಲಿಗೆ ತಂದ. ಯೋಹಾನನ ಸುವಾರ್ತೆಯಲ್ಲಿ ಅದು ಜೋಡಿಯಾಗಿ ಬರುತ್ತದೆ. ಕನ್ನಡ ಬೈಬಲು ಅದನ್ನು 'ನಿಜನಿಜವಾಗಿ' ಎಂದು ನಮ್ಮ ದ್ವಿರುಕ್ತಿಯಲ್ಲೇ ಹಿಡಿದಿದೆ.