ನಮ್ಮ ಪರಸಿ ಕಲ್ಲಿನಲ್ಲಿ ಅಶೋಕ

ದೊಡ್ಡ ಶಹರಗಳಿಗೆ ಹೋದರೆ ನಾವು ಎತ್ತರದ ಹಳೇ ಕಟ್ಟಡಗಳ ಕೆತ್ತನೆಯನ್ನು ತಲೆ ಎತ್ತಿ ನೋಡುತ್ತೇವೆ. ಚಿತ್ತಾಪುರ ತಾಲೂಕಿನ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಮಾತ್ರ ತಲೆ ತಗ್ಗಿಸಿ ನೋಡಬೇಕು.

ಭೀಮಾ ದಂಡೆಯ ಈ ಊರಲ್ಲಿ ಕೇಂದ್ರ ಪುರಾತತ್ವ ಇಲಾಖೆ 1994ರಿಂದ ನೆಲ ಅಗೆದಾಗ ದೊಡ್ಡ ಬೌದ್ಧ ಸ್ತೂಪವೊಂದರ ಅವಶೇಷ ಸಿಕ್ಕಿತು. ಸ್ತೂಪದ ಮೈಗೆ ಹೊದಿಸಿದ್ದ ಕಲ್ಲುಗಳ ಮೇಲೆ ಬುದ್ಧನ ಬದುಕು, ಜಾತಕ ಕಥೆಗಳು, ಶಾತವಾಹನ ದೊರೆಗಳು. ಒಂದು ಕಲ್ಲಿನಲ್ಲಿ ರಾಜ ನಿಂತಿದ್ದಾನೆ. ಅಕ್ಕಪಕ್ಕ ಛತ್ರಿ, ಚಾಮರ ಹಿಡಿದ ಹೆಂಗಸರು. ಅದೇ ಕಲ್ಲಿನ ಮೇಲೆ 'ರಾಜ ಅಶೋಕ' ಎಂಬ ಅರ್ಥದ ಬರಹ, ಬ್ರಾಹ್ಮಿ ಲಿಪಿಯಲ್ಲಿ.

ಕಲ್ಲು ಯಾವುದು? ಸುಣ್ಣದಕಲ್ಲು. ಶಹಾಬಾದಿನಿಂದ ಪರಸಿಯಾಗಿ ನಮ್ಮ ಮನೆಗೆ ಬರುವುದೂ, ವಾಡಿ, ಸೇಡಂ ಕಾರ್ಖಾನೆಗಳಲ್ಲಿ ಸಿಮೆಂಟ್ ಆಗುವುದೂ ಇದೇ ಜಾತಿಯ ಕಲ್ಲು.

ಸನ್ನತಿಯ ಚಂದ್ರಲಾಂಬಾ ಗುಡಿ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರುವುದು ಆಗ ಬೆಳಕಿಗೆ ಬಂತು. ಮೂರ್ತಿ ಕೂರಿಸಲು ಹಿಂದೆ ಯಾರೋ ನಡುವೆ ತೂತು ಕೊರೆದಿದ್ದರಿಂದ ಒಂದಷ್ಟು ಅಕ್ಷರ ಹೋಗಿಬಿಟ್ಟಿವೆ. ಕೊರೆದವರದು ತಪ್ಪು ಎನ್ನಲಾರೆವು. ಆ ಲಿಪಿ ಓದುವವರೇ ಆಗ ಇರಲಿಲ್ಲ.

ಈಗ ನಮಗೆ ಆ ನೆಪ ಇಲ್ಲ. ನಿಮ್ಮೂರಲ್ಲೂ ಹಳೇ ಕಲ್ಲು ಮೆಟ್ಟಿಲಾಗಿಯೋ, ಬಟ್ಟೆ ಒಗೆಯುವ ಬಂಡೆಯಾಗಿಯೋ ಬಿದ್ದಿರಬಹುದು. ಒಡೆಯುವ ಮುಂಚೆ ಒಮ್ಮೆ ಮಗುಚಿ ನೋಡಿ. ಅಕ್ಷರ, ಚಿತ್ರ ಕಂಡರೆ ಫೋಟೊ ತೆಗೆದು ಪಂಚಾಯಿತಿಗೆ ತಿಳಿಸಿ. ಉಳಿ ಒಂದು ಗಳಿಗೆ ಕಾಯಲಿ.